ದೇವರ ಪೆಟ್ಟಿಗೆಯಲ್ಲಿ ಮಾರ್ಕ್ಸ್ ಕಾರ್ಡು

ಅಪ್ಪ ಟಿವಿಎಸ್ ಮೇಲೆ ಮುಂದೆ ಹೋಗುತ್ತಿದ್ದ. ನಾನು ಹಿಂದೆ ನಡೆಯುತ್ತಿದ್ದೆ.

ಐಮಂಗಲದ ಹೈವೇಯಲ್ಲಿ ಬಸ್ಸಿಳಿದಾಗ ಏಳೂ ಕಾಲು. ಅಲ್ಲಿಂದ ನಮ್ಮ ಹಟ್ಟಿಗೆ ನಾಲ್ಕು ಕಿಲೋಮೀಟರು. ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಬಂದಿದ್ದ, ಆದರೆ ಹಿಂದಿನ ಸೀಟಿಗೆ ಹಿಂಡಿ ಚೀಲ ಬಿಗಿದುಕೊಂಡು ಬಂದಿದ್ದ. ಅಷ್ಟು ಬೆಳಗ್ಗೆ ಯಾವ ಅಂಗಡಿಯೂ ಹಿಂಡಿ ಮಾರುವುದಿಲ್ಲ. ಚೀಲವನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಟಿದ್ದಾನೆ. ಸೀಟು ಖಾಲಿ ಇದ್ದರೆ ಮಗಳಿಗೆ ಹತ್ತು ಅನ್ನದೆ ಇರುವುದು ಅವನಿಗೆ ಕಷ್ಟ. ಹತ್ತಿದರೆ ನನ್ನ ಮೈ ಅವನ ಬೆನ್ನಿಗೆ ತಾಗುತ್ತದೆ. ತಾಗಿದರೆ ಅವನೂ ಹಟ್ಟಿಯ ಹೊರಗೆ.

"ಬಿರ್ರನೆ ಹೆಜ್ಜೆ ಹಾಕವ್ವ," ಅಂದ ತಿರುಗಿ ನೋಡದೆ.

"ಹಾಕ್ತಾ ಅದೀನಿ."

ಹನ್ನೊಂದಕ್ಕೆ ನಾನು ಚಿತ್ರದುರ್ಗದ ಜಿಲ್ಲಾ ಆರೋಗ್ಯ ಕಚೇರಿಯಲ್ಲಿರಬೇಕಿತ್ತು. ಹಿಂದಿನ ಸಂಜೆ ಮೊಬೈಲಿಗೆ ಮೆಸೇಜು ಬಂದಿತ್ತು. ಹೊಸದುರ್ಗದ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಸ್ಟಾಫ್ ನರ್ಸ್, ಒಂದೇ ಹುದ್ದೆ, ಪಟ್ಟಿಯಲ್ಲಿ ಮೊದಲ ಹೆಸರು ರೇಣುಕಮ್ಮ ಟಿ. ಎಂದರೆ ನಾನು. ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು. ಗೈರಾದರೆ ಹುದ್ದೆ ಎರಡನೆಯ ಹೆಸರಿಗೆ. ನನ್ನ ಮೂಲ ದಾಖಲೆಗಳೆಲ್ಲ ಹಟ್ಟಿಯಲ್ಲಿದ್ದವು. ಹಟ್ಟಿಯಲ್ಲಿ ಎಂದರೆ ನಮ್ಮ ಮನೆಯಲ್ಲಲ್ಲ. ಗುಡಿಯಲ್ಲಿ, ದೇವರ ಪೆಟ್ಟಿಗೆಯಲ್ಲಿ.

ನಮ್ಮದು ಕುರಿ ಕಾಯುವವರ ಹಟ್ಟಿ. ಅರವತ್ತು ಮನೆ, ಸುತ್ತ ಜಾಲಿ ಮುಳ್ಳಿನ ಬೇಲಿ, ನಡುವೆ ಗುಡಿ. ಮುಟ್ಟಾದ ಹೆಂಗಸು ಐದು ದಿನ ಬೇಲಿಯ ಹೊರಗೆ. ಹೆತ್ತವಳು ಕೂಸಿನ ಸಮೇತ ಎರಡು ತಿಂಗಳು ಹೊರಗೆ. ಬಾಣಂತಿಯನ್ನು ಮುಟ್ಟಿದವಳು ಮೂರು ದಿನ ಹೊರಗೆ. ನಾನು ದಿನವೂ ಬಾಣಂತಿಯರನ್ನು ಮುಟ್ಟುತ್ತೇನೆ. ಎತ್ತಿ ಕೂರಿಸುತ್ತೇನೆ, ಒರೆಸುತ್ತೇನೆ, ರಕ್ತದ ಪ್ಯಾಡು ಬದಲಿಸುತ್ತೇನೆ, ಮೊಲೆಗೆ ಕೂಸು ಹಿಡಿಸುತ್ತೇನೆ. ಹಾಗಾದರೆ ನಾನು ಯಾವತ್ತು ಒಳಗೆ ಹೋಗಬೇಕು, ನೀವೇ ಹೇಳಿ.

ಮೊದಲು ಹೊರಗೆ ಕೂತ ಹೆಂಗಸರಿಗೆ ಗರಿಯ ಗುಡಿಸಲಿತ್ತು. ಆರು ವರ್ಷದ ಹಿಂದೆ ಪಂಚಾಯ್ತಿಯವರು ಬಂದರು. ಇದು ತಪ್ಪು, ಮೌಢ್ಯ ಅಂತ ಅರ್ಧ ಗಂಟೆ ಭಾಷಣ ಮಾಡಿದರು. ಆಮೇಲೆ ಹೊರಗಿನವರಿಗೆಂದೇ ಶೀಟಿನ ಕೋಣೆ ಕಟ್ಟಿಸಿ, ಟೇಪು ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದರು. ಹೊರಗೆ ಹಾಕುವುದನ್ನು ನಿಲ್ಲಿಸಲು ಬಂದವರು ನಮ್ಮನ್ನು ಹೊರಗೇ ಗಟ್ಟಿಯಾಗಿ ಕೂರಿಸಿದರು.

ಪೆಟ್ಟಿಗೆಯಲ್ಲಿ ಫೈಲು ಇಟ್ಟವನು ಅಪ್ಪ. ಯಾರ ಮೇಲೂ ಹೊರಿಸುವಂತಿಲ್ಲ. ಬೆಲೆಯುಳ್ಳದ್ದು ಏನೇ ಬಂದರೂ ಮೊದಲು ಒಂದಷ್ಟು ದಿನ ದೇವರ ಪೆಟ್ಟಿಗೆಯಲ್ಲಿಟ್ಟು ತೆಗೆಯುವುದು ನಮ್ಮ ರೂಢಿ. ವರ್ಷದ ಮೊದಲ ಉಣ್ಣೆ, ಸೊಸೆಗೆ ತಂದ ತಾಳಿ, ಹೊಸ ಗಂಟೆ. ನಾಲ್ಕು ತಿಂಗಳ ಹಿಂದೆ ನನ್ನ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿದು ಡಿಗ್ರಿ ಕೈಗೆ ಬಂತು. ನಾನು ಡ್ಯೂಟಿಗೆ ಹಿರಿಯೂರಿಗೆ ಹೋದ ದಿನ ಅಪ್ಪ ನನ್ನ ಇಡೀ ಫೈಲನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಪೂಜಾರಿಗೆ ಕೊಟ್ಟುಬಿಟ್ಟ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಜಿಎನ್ಎಂ ನರ್ಸಿಂಗ್ ಡಿಪ್ಲೊಮಾದ ಮೂರು ವರ್ಷದ ಮಾರ್ಕ್ಸ್ ಕಾರ್ಡು, ಡಿಗ್ರಿ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ. ಆಮೇಲೆ ಫೋನ್ ಮಾಡಿ, "ನಿನ್ನ ಓದು ದೇವ್ರ ಹತ್ರ ಐತೆ ಕಣವ್ವ," ಅಂದ. ಅವನ ದನಿಯಲ್ಲಿದ್ದ ಖುಷಿ ಕೇಳಿ ನಾನು ಬೈಯಲಿಲ್ಲ. ಅವತ್ತೇ ಬೈಯಬೇಕಿತ್ತು.

ಆ ಓದು ಎಲ್ಲಿಂದ ಬಂತು ಅಂತ ದೇವರಿಗೇನು ಗೊತ್ತು?

ಚಿತ್ರದುರ್ಗದ ಖಾಸಗಿ ನರ್ಸಿಂಗ್ ಶಾಲೆಗೆ ನಾನು ಸೇರಿದಾಗ ನನ್ನ ಪೆಟ್ಟಿಗೆ ತೆರೆದ ಕೂಡಲೇ ರೂಮಿನ ಹುಡುಗಿಯರು ಕಿಟಕಿ ತೆಗೆದರು. ಕಂಬಳಿ ವಾಸನೆ. ಮೊದಲ ವರ್ಷವೆಲ್ಲ ವಾರ್ಡಿನಲ್ಲಿ ಬೆಡ್‌ಪ್ಯಾನ್ ಎತ್ತುವ ಸರದಿ ಬಂದಾಗ ಬೇರೆಯವರಿಗೆ ತಲೆನೋವು ಬರುತ್ತಿತ್ತು, ಸರದಿ ನನಗೆ ಬರುತ್ತಿತ್ತು. "ನಿಂಗೆ ಕೊಟ್ಟಿಗೆ ಬಳಿದು ಅಭ್ಯಾಸ ಇದೆಯಲ್ಲ," ಅನ್ನುತ್ತಿದ್ದರು ದಾಕ್ಷಾಯಿಣಿ ಮೇಡಂ. ಅವರು ನಮ್ಮ ಟ್ಯೂಟರ್, ಹಾಸ್ಟೆಲ್ ವಾರ್ಡನ್ ಕೂಡ. ಎತ್ತಿದೆ. ತೊಳೆದೆ. ಕೈ ಬಿರುಕು ಬಿಟ್ಟಿತು. ಮಲ ಮೂತ್ರಕ್ಕೆ ನಾನು ಅಸಹ್ಯಪಡಲಿಲ್ಲ. ಎತ್ತುವವಳು ಯಾವಾಗಲೂ ನಾನೇ ಆಗಿರಬೇಕು ಅನ್ನುವುದಕ್ಕೆ ಅಸಹ್ಯವಾಗುತ್ತಿತ್ತು.

ದೀಪ ಹಿಡಿಯುವ ದಿನ ಬಂತು. ನರ್ಸಿಂಗ್ ಓದಿದವರಿಗೆಲ್ಲ ಗೊತ್ತು. ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ಹಣತೆ ಹಿಡಿದು, ರೋಗಿಗಳಲ್ಲಿ ಭೇದ ಮಾಡುವುದಿಲ್ಲ ಅಂತ ಪ್ರತಿಜ್ಞೆ ಮಾಡುವ ದಿನ. ಅಪ್ಪ ಅಮ್ಮ ಹೊಸ ಬಟ್ಟೆ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಾಲಾಗಿ ನಿಂತ ಮೇಲೆ ದಾಕ್ಷಾಯಿಣಿ ಮೇಡಂ ಬಂದು ಮೆಲ್ಲಗೆ ಹೇಳಿದರು, "ಯಾರಾದ್ರೂ ಮುಟ್ಟಾಗಿದ್ರೆ ಹಿಂದೆ ಸರೀರಿ. ಸ್ವಾಮಿಗಳು ಹಚ್ಚಿಕೊಟ್ಟ ದೀಪ ಅದು."

ಹದಿನೈದು ದಿನದ ಹಿಂದೆ ಇದೇ ಮೇಡಂ ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದು ಇಪ್ಪತ್ತೆಂಟು ದಿನದ ಮುಟ್ಟಿನ ಚಕ್ರದ ಪಾಠ ಮಾಡಿದ್ದರು. ಸಮುದಾಯ ಆರೋಗ್ಯದ ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವರ ಹಟ್ಟಿಯಲ್ಲಿ ಇನ್ನೂ ಹೊರಗೆ ಕೂರಿಸ್ತಾರಂತೆ, ಎಷ್ಟು ಹಿಂದುಳಿದವರು ನೋಡಿ," ಅಂದಿದ್ದರು. ಇಡೀ ಕ್ಲಾಸು ಕುರಿ ನೋಡಿದ ಹಾಗೆ ನನ್ನನ್ನು ನೋಡಿತ್ತು.

ನಾನು ಹಿಂದೆ ಸರಿದೆ. ನನ್ನ ಪಕ್ಕದ ಅನುಪಮಾ ಸರಿಯಲಿಲ್ಲ. ಅವಳಿಗೂ ಅವತ್ತು ಎರಡನೆಯ ದಿನ. ದೀಪ ಹಿಡಿದು, ಪ್ರತಿಜ್ಞೆ ಹೇಳಿ, ಫೋಟೋದಲ್ಲಿ ನಕ್ಕಳು. ಆಮೇಲೆ ಬಚ್ಚಲಲ್ಲಿ ನನಗೆ ಅಂದಳು, "ನಿಜ ಹೇಳೋದು ನಿನಗ್ಯಾಕೆ ಬೇಕಿತ್ತೇ? ಬಾಯಿ ಮುಚ್ಚಿಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

ಅಪ್ಪ ಕೇಳಿದ, ನಿನ್ನ ದೀಪ ಎಲ್ಲವ್ವ ಅಂತ. ಎಣ್ಣೆ ಸಾಲಲಿಲ್ಲ ಅಂದೆ.

ಸರಿದದ್ದೂ ತಪ್ಪು, ಸುಳ್ಳು ಹೇಳಿದ್ದೂ ತಪ್ಪು. ಯಾಕೆ ಸರೀಬೇಕು ಮೇಡಂ ಅಂತ ಒಬ್ಬಳಾದರೂ ಕೇಳಬೇಕಿತ್ತು. ಮೂವತ್ತೆಂಟು ಜನರಲ್ಲಿ ಒಬ್ಬಳೂ ಕೇಳಲಿಲ್ಲ. ಆ ಮೂವತ್ತೆಂಟರಲ್ಲಿ ನಾನೂ ಇದ್ದೆ.

ಜಿಎನ್ಎಂ ಮುಗಿಸಿ ಹಿರಿಯೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿದೆ. ಆರ್ಡರ್ ಕೊಡಲಿಲ್ಲ. "ಟ್ರೇನಿ" ಅಂದರು. ಹನ್ನೆರಡು ಗಂಟೆ ನಿಂತರೂ ಟ್ರೇನಿ, ಡಾಕ್ಟರು ಬರುವಷ್ಟರಲ್ಲಿ ಹೆರಿಗೆ ಮಾಡಿಸಿದರೂ ಟ್ರೇನಿ. ಡಿಗ್ರಿ ಇದ್ದರೆ ಸಿಸ್ಟರ್ ಅಂತಾರೇನೋ ಅಂತ ಪೋಸ್ಟ್ ಬೇಸಿಕ್ ಸೇರಿದೆ. ಹಗಲು ಚಿತ್ರದುರ್ಗದಲ್ಲಿ ಕಾಲೇಜು, ಸಂಜೆ ಹಿರಿಯೂರಲ್ಲಿ ಪಾಳಿ, ಬಸ್ಸಿನಲ್ಲಿ ಓದು. ಎರಡು ವರ್ಷ. ಕಾಲಿನ ನರ ಊದಿಕೊಂಡು ಹುರಿಯಾಗಿ ನಿಂತವು. ಡಿಗ್ರಿ ಬಂದ ಮೇಲೂ ಟ್ರೇನಿ. ಹೊಸದುರ್ಗದ ಈ ಹುದ್ದೆಯೇ ನನ್ನ ಹೆಸರಿಗೆ ಆರ್ಡರ್ ಬರುವ ಮೊದಲ ಕೆಲಸ. ಅದಕ್ಕೆ ಬೇಕಾದ ಫೈಲು ಪೂಜಾರಿಯ ಬೀಗದ ಒಳಗೆ.

ಬೇಲಿಯ ಹೊರಗಿನ ಶೀಟಿನ ಕೋಣೆಯ ಮುಂದೆ ಮೋನಿಕಾ ಕೂಸನ್ನು ಎದೆಗೆ ಕಟ್ಟಿಕೊಂಡು ಬಿಸಿಲು ಕಾಯುತ್ತಿದ್ದಳು. ಹೊಳಲ್ಕೆರೆ ಕಡೆಯ ಹುಡುಗಿ, ಪಿಯುಸಿ ಓದಿದವಳು, ನಮ್ಮ ಪೂಜಾರಿ ಓಬಳೇಶಪ್ಪನ ಸೊಸೆ. ಅವಳ ಹೆರಿಗೆ ಆದದ್ದು ನನ್ನ ಕೈಯಲ್ಲಿ, ಮೂರು ವಾರದ ಹಿಂದೆ. ಕೂಸಿನ ಕೊರಳಿಗೆ ಹೊಕ್ಕಳುಬಳ್ಳಿ ಎರಡು ಸುತ್ತು ಬಿಗಿದಿತ್ತು. ನೀಲಿಗಟ್ಟಿ ಬಂತು, ಅಳಲಿಲ್ಲ. ಬಾಯಿ ಮೂಗು ಸ್ವಚ್ಛ ಮಾಡಿ, ಬೆನ್ನು ಉಜ್ಜಿ, ಮಾಸ್ಕಿಟ್ಟು ಗಾಳಿ ಒತ್ತಿದೆ. ಒಂದೂವರೆ ನಿಮಿಷಕ್ಕೆ ಅತ್ತಿತು. ಹೊರಗೆ ತಂದಾಗ ಪೂಜಾರಿ ನನ್ನ ಕೈಯಿಂದಲೇ ಮೊಮ್ಮಗನನ್ನು ಇಸಕೊಂಡ. "ತಾಯಿ ನೀನು," ಅಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಹೆರಿಗೆ ವಾರ್ಡಿನಲ್ಲಿದ್ದೇನೆ ಅಂತ ಅವನು ಕಣ್ಣಾರೆ ಕಂಡದ್ದು ಅವತ್ತೇ. ಅದಕ್ಕೂ ಮೊದಲು ನನ್ನ ಹತ್ತಿರ ಹೆರಿಗೆಗೆ ಬಂದವರು ಹಟ್ಟಿಯಲ್ಲಿ ಬಾಯಿ ಬಿಟ್ಟಿರಲಿಲ್ಲ, ನಾವೂ ಹೇಳಿರಲಿಲ್ಲ. ಅವನು ಬೋರ್‌ವೆಲ್ಲಿನ ಕೆಳಗೆ ಮಿಂದು, ತೀರ್ಥ ಕುಡಿದು, ಎರಡು ಗಂಟೆಯಲ್ಲಿ ಒಳಗಾದ. ಮೂರನೆಯ ದಿನ ನನ್ನ ಮನೆಗೆ ಹೇಳಿ ಕಳಿಸಿದ, ರೇಣುಕಿ ಇನ್ನು ಬೇಲಿ ದಾಟಂಗಿಲ್ಲ ಅಂತ. ಕೂಸು ಉಳಿಸಿದ್ದಕ್ಕೆ ಸಿಕ್ಕ ಉಡುಗೊರೆ ಅದು.

"ಅಕ್ಕ, ಫೋನಲ್ಲಿ ಇವತ್ತು ತೂಕ ನೋಡ್ತೀನಿ ಅಂದಿದ್ರಿ," ಅಂದಳು ಮೋನಿಕಾ. ಕೂಸು ಹುಟ್ಟಿದಾಗಲೇ ಎರಡು ಕೆಜಿ ನೂರು ಗ್ರಾಂ. ಶೀಟಿನ ಕೆಳಗಿನ ಚಳಿಗೆ ಮೈ ಹಿಡಿಯುತ್ತಿರಲಿಲ್ಲ. ತೂಗು ತಕ್ಕಡಿ ನನ್ನ ಬ್ಯಾಗಿನಲ್ಲಿತ್ತು. ಕೂಸಿನ ಪಾದ ಮುಟ್ಟಿ ನೋಡಿದೆ. ತಣ್ಣಗಿತ್ತು.

"ನೋಡ್ತೀನಿ. ಮೊದ್ಲು ನನ್ನ ಫೈಲು."

ಅಪ್ಪ ರಾತ್ರಿಯೇ ಫೈಲು ಕೇಳಿದ್ದಕ್ಕೆ, ಅವಳೇ ಬರಲಿ ಅಂದಿದ್ದ ಪೂಜಾರಿ ಈಗ ಸಿದ್ಧನಾಗಿದ್ದ. ಪೆಟ್ಟಿಗೆಯನ್ನು ಗುಡಿಯ ಕಟ್ಟೆಯ ಮೇಲೆ ತಂದಿಟ್ಟು, ಪಕ್ಕದಲ್ಲಿ ಪಂಚೆ ಉಟ್ಟು ನಿಂತಿದ್ದ. ಕಟ್ಟೆಯ ಸುತ್ತ ಗಂಡಸರು. ಮನೆಗಳ ಬಾಗಿಲಲ್ಲಿ ಹೆಂಗಸರು. ಅಮ್ಮ ಕಾಳಕ್ಕ ಬೇಲಿಯ ಒಳಗೆ, ನನಗೆ ಹತ್ತಿರ, ಸೆರಗು ಬಾಯಿಗೊತ್ತಿಕೊಂಡು. ನಾನು ಬೇಲಿಯ ಬಾಯಲ್ಲಿ ನಿಂತೆ. ನನಗೂ ಕಟ್ಟೆಗೂ ನಡುವೆ ಮೂವತ್ತು ಹೆಜ್ಜೆ. ಗಂಟೆ ಎಂಟೂ ಇಪ್ಪತ್ತು. ಐಮಂಗಲದಲ್ಲಿ ಚಿತ್ರದುರ್ಗದ ಬಸ್ಸು ಒಂಬತ್ತಕ್ಕೆ.

"ಮಾವ, ಫೈಲು ಕೊಡ್ರಿ. ಹೊತ್ತಾಗ್ತೈತೆ."

ಅವನು ಬೀಗ ತೆಗೆದ. ಹಳದಿ ಗಂಟು ಎತ್ತಿ ತೋರಿಸಿದ. ನನ್ನ ಏಳು ವರ್ಷ ಅವನ ಒಂದು ಕೈಯಲ್ಲಿತ್ತು.

"ನೋಡವ್ವ ರೇಣುಕಿ, ನಿನ್ನ ಓದಿಗೆ ನಾನೇನು ಅಡ್ಡ ಬರಲ್ಲ. ನರ್ಸಾಗು, ಬ್ಯಾಡ ಅಂದೋರ್ಯಾರು? ಕಣ್ಣಿನ ವಾರ್ಡೈತೆ, ಕೈಕಾಲು ಮುರ್ಕಂಡೋರ ವಾರ್ಡೈತೆ. ಹೆರಿಗೆ ಮನೆ ಒಂದು ಬಿಟ್ಬಿಡು. ಇನ್ಮ್ಯಾಲೆ ಬಾಣಂತೇರನ್ನ ಮುಟ್ಟಲ್ಲ ಅಂತ ಅಲ್ಲೇ ನಿಂತು ಗುಡಿ ಕಡೆ ಕೈ ಮಾಡಿ ಆಣೆ ಹಾಕು. ನಿಮ್ಮಪ್ಪನ ಕೈಗೆ ಕೊಡ್ತೀನಿ, ಹೋಗಿ ಬಾ."

"ಅದು ಹೆರಿಗೆ ವಾರ್ಡಿನ ಪೋಸ್ಟೇ ಮಾವ."

"ಬೇರೇದು ಕೊಡ್ರಿ ಅಂತ ಬರ್ಕೊಡು. ಓದಿದೋಳಲ್ಲೇನು?"

"ಬೇರೇದಿಲ್ಲ."

"ಹಂಗಾರೆ ಈ ಕಾಗದ ಇಲ್ಲೇ ಇರಲಿ. ದೇವ್ರು ಓದ್ಕಂತಾನೆ."

ಗಂಡಸರು ನಕ್ಕರು. ಅಪ್ಪ ಟಿವಿಎಸ್ ಪಕ್ಕ ನಿಂತು ನೆಲ ನೋಡುತ್ತಿದ್ದ. ನಕ್ಕವರಲ್ಲಿ ನಾಲ್ವರ ಮಕ್ಕಳನ್ನು ನಾನು ಈ ಕೈಯಲ್ಲಿ ಹಿಡಿದಿದ್ದೆ.

ಅಮ್ಮ ಪಿಸುಗುಟ್ಟಿದಳು, "ಆಣೆ ಹಾಕ್ಬಿಡೇ. ಬಾಯಾಗೆ ತಾನೆ ಹೇಳೋದು? ಹೊಸದುರ್ಗಕ್ಕೆ ಇಲ್ಲಿಂದ ಯಾರು ಬಂದು ನೋಡ್ತಾರೆ? ತಪ್ಪು ಕಾಣಿಕೆ ನಾನು ಕಟ್ಟಿಸ್ತೀನಿ. ಹಾಕ್ಬಿಡು ನಮ್ಮವ್ವ."

ಅಪ್ಪನೂ ಅಂದ, "ಹಾಕು ರೇಣುಕಿ. ಬಸ್ ಹೋಗ್ತೈತೆ."

ಎಷ್ಟು ಸುಲಭವಿತ್ತು. ಒಂದು ಮಾತು. ಕೈ ಎತ್ತಿ ಒಂದು ಸುಳ್ಳು ಹೇಳಿ, ಫೈಲು ಹಿಡಿದು ಓಡಿದರೆ ಬಸ್ಸು ಸಿಗುತ್ತಿತ್ತು. ಮಧ್ಯಾಹ್ನದೊಳಗೆ ಆರ್ಡರ್. ನಾಳೆಯಿಂದ ಹೊಸದುರ್ಗದಲ್ಲಿ ನನ್ನ ಪಾಡಿಗೆ ನಾನು. ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ನಾಲಗೆಯ ತುದಿಗೆ ಬಂದಿತ್ತು.

ಆಗ ಪೂಜಾರಿ ಇನ್ನೊಂದು ಮಾತು ಸೇರಿಸಿದ. ಸೇರಿಸದೆ ಇದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ದೀಪಾ ನಿಂತಿದ್ದಳು. ಎರಡನೇ ಪಿಯುಸಿ ಸೈನ್ಸ್. ಬಿಎಸ್ಸಿ ನರ್ಸಿಂಗ್ ಸೇರಲು ಏನು ಬರೆಯಬೇಕು ಅಂತ ಹೋದ ತಿಂಗಳು ನನಗೆ ಫೋನ್ ಮಾಡಿದ್ದಳು.

"ನೋಡ್ಕಳೇ ದೀಪಾ," ಅಂದ ಪೂಜಾರಿ. "ನಾಳೆ ನೀನು ಹೋಗೋದಾದ್ರೂ ಹಿಂಗೇ. ರೇಣುಕಕ್ಕ ಆಣೆ ಹಾಕೇ ಹೋದ್ಲು ಅಂತ ನಿಂಗೂ ಹಾಕಿಸ್ತೀನಿ."

ದೀಪಾ ಹೂಂ ಅಂತ ತಲೆ ಆಡಿಸಿದಳು. ಹಿಂದೆ ಸರಿದಳು. ಒಂದೇ ಹೆಜ್ಜೆ, ಹೊಸ್ತಿಲ ಒಳಗೆ. ನಾನು ಅವತ್ತು ದೀಪದ ಸಾಲಿನಿಂದ ಸರಿದಷ್ಟೇ ದೂರ.

ನನಗೆ ಸಿಟ್ಟು ಬಂತು. ಎಲ್ಲಿತ್ತೋ ಅಷ್ಟು ಸಿಟ್ಟು.

"ಆಣೆ ಹಾಕಲ್ಲ," ಅಂದೆ.

"ಏನಂದೆ?"

"ಹಾಕಲ್ಲ ಅಂದೆ. ನಾನು ಹೆರಿಗೆ ವಾರ್ಡಿಗೇ ಹೋಗ್ತೀನಿ. ಬಾಣಂತೇರ್ನ ಮುಟ್ಟೇ ಮುಟ್ತೀನಿ. ನಿನ್ನ ಸೊಸೇನ ಮುಟ್ಟಿದೀನಿ, ನಿನ್ನ ಮೊಮ್ಮಗನ್ನ ಎಳ್ದಿದೀನಿ. ಅವತ್ತು ನಿನಗೆ ತಾಯಿ ಆಗಿದ್ದೆ. ನನ್ನ ಫೈಲು ಕೊಡು."

'ಮಾವ' ಹೋಗಿತ್ತು. 'ಕೊಡ್ರಿ' ಹೋಗಿತ್ತು. ಅದು ಎಲ್ಲರಿಗೂ ಕೇಳಿಸಿತು. ಪೂಜಾರಿ ಗಂಟನ್ನು ಪೆಟ್ಟಿಗೆಯೊಳಗೆ ಎಸೆದು ಮುಚ್ಚಳ ಹಾಕಿದ.

ನಾನು ಡ್ಯೂಟಿಯ ಬಿಳಿ ಬೂಟು ಬಿಚ್ಚಿ ಬೇಲಿಯ ಬಾಯಲ್ಲಿ ಬಿಟ್ಟೆ. ಹೆದರಿ ಬಿಟ್ಟದ್ದಲ್ಲ. ಹೆರಿಗೆ ಕೋಣೆಗೂ ನಾವು ಹಾಗೇ ಬಿಟ್ಟು ಹೋಗುತ್ತೇವೆ. ಬರಿಗಾಲಲ್ಲಿ ಒಳಗೆ ಹೆಜ್ಜೆ ಇಟ್ಟೆ.

"ಹಿಡೀರ್ಲೇ ಅವಳ್ನ!"

ಯಾರೂ ಹಿಡಿಯಲಿಲ್ಲ. ಮೊದಲ ಐದಾರು ಹೆಜ್ಜೆಯವರೆಗೆ ನನಗೂ ಅರ್ಥವಾಗಲಿಲ್ಲ. ಆಮೇಲೆ ಅವರ ಕೈ ನೋಡಿದೆ. ಎಲ್ಲರ ಕೈಯೂ ಎದೆಗೆ ಅಂಟಿಕೊಂಡಿತ್ತು. ನನ್ನನ್ನು ಹಿಡಿಯಬೇಕಾದರೆ ನನ್ನನ್ನು ಮುಟ್ಟಬೇಕು. ಮುಟ್ಟಿದವನು ಹೊರಗೆ. ಅರವತ್ತು ಮನೆಯ ಗಂಡಸರು ನನ್ನೊಬ್ಬಳಿಗೆ ದಾರಿ ಬಿಟ್ಟು ಎರಡೂ ಪಕ್ಕ ಸರಿಯುತ್ತಿದ್ದರು, ಒಬ್ಬರ ಮೇಲೊಬ್ಬರು ಬೀಳುತ್ತ. ನನ್ನ ಚೂಡಿದಾರದ ವೇಲು ಗಾಳಿಗೆ ಹಾರಿತು. ಎದುರಿದ್ದವನು ಹಾವು ಕಂಡವನ ಹಾಗೆ ಹಾರಿದ. ಇಷ್ಟು ವರ್ಷ ನನ್ನನ್ನು ಹೊರಗಿಟ್ಟದ್ದೇ ಅವತ್ತು ನನ್ನನ್ನು ಒಳಗೆ ಬಿಟ್ಟಿತು.

ಒಬ್ಬ ಕುರಿ ಕಾಯುವ ಕೋಲು ಎತ್ತಿದ. ಕೋಲಿಗೆ ಮೈಲಿಗೆ ಇಲ್ಲ. ನಾನು ನೋಡಿದೆ, ನಿಲ್ಲಲಿಲ್ಲ. ಕೋಲು ಬೀಳಲಿಲ್ಲ. ಹಿಂದಿನಿಂದ ಬಂದ ಅಪ್ಪ ಅದರ ತುದಿ ಹಿಡಿದಿದ್ದ.

"ಇಳಿಸ್ಲೇ," ಅಂದ ಅಪ್ಪ. ನಮ್ಮಪ್ಪ ತಿಮ್ಮರಾಯಪ್ಪ ಜೋರಾಗಿ ಮಾತಾಡಿದ್ದನ್ನು ಹಟ್ಟಿ ಕೇಳಿರಲಿಲ್ಲ. ಅವತ್ತೂ ಜೋರಾಗಿ ಹೇಳಲಿಲ್ಲ. ಆದರೆ ಕೋಲು ಬಿಡಲಿಲ್ಲ.

ಕಟ್ಟೆ ಹತ್ತಿದೆ. ಪೂಜಾರಿ ಹಿಂದೆ ಹಿಂದೆ ಸರಿದು ಗುಡಿಯ ಗೋಡೆಗೆ ಬೆನ್ನು ಹಚ್ಚಿದ. ಇನ್ನು ಸರಿಯಲು ಜಾಗವಿರಲಿಲ್ಲ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ. ಮೂರು ವಾರದ ಹಿಂದೆ ಇದೇ ಕೈಯ ಮುಂದೆ ಬೊಗಸೆ ಒಡ್ಡಿದ್ದವನು.

"ಬ್ಯಾಡ ರೇಣುಕಿ. ಕಣ್ಣು ಹೋಗ್ತಾವೆ. ವಂಶ ಹೋಗ್ತೈತೆ."

ಮುಚ್ಚಳ ತೆಗೆದೆ. ಒಳಗೆ ಒಂದು ಶಂಖ, ಎರಡು ಗಂಟೆ, ಒಂದು ಹಿಡಿ ಉಣ್ಣೆ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಭರಣಿ. ಅವನು ಎಸೆದ ರಭಸಕ್ಕೆ ಭರಣಿ ಉರುಳಿ ಎಣ್ಣೆ, ಕುಂಕುಮ ಎಲ್ಲ ಗಂಟಿನ ಮೇಲೆ ಚೆಲ್ಲಿತ್ತು. ಇಷ್ಟೇ. ಚಿಕ್ಕಂದಿನಿಂದ ಈ ಪೆಟ್ಟಿಗೆಯಲ್ಲಿ ಏನಿದೆಯೋ ಅಂತ ಹೆದರಿದ್ದೆ. ನನ್ನ ಗಂಟು ಎತ್ತಿಕೊಂಡೆ. ಕೈಯೆಲ್ಲ ಕೆಂಪಾಯಿತು. ಕಣ್ಣು ಹೋಗಲಿಲ್ಲ.

ತಿರುಗಿದಾಗ ಬೇಲಿಯ ಬಾಯಲ್ಲಿ ಮೋನಿಕಾ. ಎದೆಗೆ ಕೂಸು. ಅವಳು ನನ್ನನ್ನಾಗಲೀ ಯಾರನ್ನಾಗಲೀ ನೋಡಲಿಲ್ಲ. ಎಲ್ಲರೂ ಸರಿದಿದ್ದ ದಾರಿಯಲ್ಲೇ ನಡೆದು ಬಂದು, ಕಟ್ಟೆ ದಾಟಿ, ಪೂಜಾರಿಯ ಮನೆಯ ಹೊಸ್ತಿಲು ದಾಟಿ, ಒಳಗೆ ಹೋದಳು. ಅವಳ ಅತ್ತೆ ಅಯ್ಯಯ್ಯೋ ಅಂತ ಬಾಯಿ ಬಡಿದುಕೊಂಡು ಹೊರಗೆ ಓಡಿ ಬಂದಳು. ಒಳಗಿನಿಂದ ಮಂಚ ಎಳೆದ ಸದ್ದು ಕೇಳಿಸಿತು.

ಗಂಟೆ ಎಂಟೂ ಐವತ್ತು. ನಾಲ್ಕು ಕಿಲೋಮೀಟರು. ಓಡಿದರೂ ಬಸ್ಸು ಸಿಗುವುದಿಲ್ಲ.

ಬೇಲಿಯ ಹೊರಗೆ ಅಪ್ಪ ಟಿವಿಎಸ್ ಸೀಟಿನ ಹಗ್ಗ ಬಿಚ್ಚುತ್ತಿದ್ದ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದ. ಹಿಂಡಿ ಚೀಲವನ್ನು ಎಳೆದು ನೆಲಕ್ಕೆ ಕೆಡವಿದ. ಹಿಂದಿನಿಂದ ಯಾರೋ ಕೂಗಿದರು, "ತಿಮ್ಮರಾಯ, ಕೂರಿಸ್ಕಂಡ್ಯೋ ನೀನೂ ಹೊರಗೇ!"

"ಹತ್ತು," ಅಂದ ಅಪ್ಪ.

ಹತ್ತಿದೆ. ಹೆಗಲು ಹಿಡಿದುಕೊಂಡೆ. ಅವನ ಬಿಳಿ ಅಂಗಿಯ ಮೇಲೆ ನನ್ನ ಐದು ಬೆರಳು ಕೆಂಪಗೆ ಮೂಡಿದವು. ಐಮಂಗಲದಲ್ಲಿ ಬಸ್ಸು ಹೋಗಿತ್ತು. ಅವನು ನಿಲ್ಲಿಸಲೇ ಇಲ್ಲ. ಆ ಮುದಿ ಟಿವಿಎಸ್ಸನ್ನು ಲಾರಿಗಳ ನಡುವೆ ಹೈವೇಗೆ ಹಾಕಿದ. ಲಾರಿಯೊಂದು ದಾಟಿದಾಗಲೆಲ್ಲ ಗಾಡಿ ಪಕ್ಕಕ್ಕೆ ತೂಗುತ್ತಿತ್ತು. ಚಿತ್ರದುರ್ಗದ ಕಚೇರಿಯ ಬಾಗಿಲಿಗೇ ತಂದು ನಿಲ್ಲಿಸಿದ.

ಹತ್ತೂ ಐವತ್ತೈದಕ್ಕೆ ನನ್ನ ಹೆಸರು ಕೂಗಿದರು. ಪಟ್ಟಿಯ ಎರಡನೆ ಹೆಸರಿನವಳು ಬಾಗಿಲಲ್ಲೇ ಕಾಯುತ್ತಿದ್ದಳು, ನನ್ನಂತೆಯೇ ಫೈಲು ಅಪ್ಪಿಕೊಂಡು. ಅವಳ ಮೇಲೆ ನನಗೆ ಕೋಪವಿರಲಿಲ್ಲ.

ಮೇಜಿನ ಹಿಂದಿನ ಗುಮಾಸ್ತರು ಹಾಳೆ ಒಂದೊಂದಾಗಿ ತಿರುಗಿಸಿದರು. ನೋಂದಣಿ ಪತ್ರ ಬಂದಾಗ ನಿಂತರು. ಎಣ್ಣೆ, ಕೆಂಪು ಸೇರಿ ನಂಬರಿನ ಕೊನೆಯ ಮೂರು ಅಂಕಿ ಮುಚ್ಚಿಹೋಗಿದ್ದವು.

"ಏನಮ್ಮ ಇದು, ರಕ್ತ ಮೆತ್ತಿಕೊಂಡು ಬಂದಿದ್ದೀಯ? ನಂಬರೇ ಕಾಣಲ್ಲ. ಇದನ್ನ ಹೆಂಗೆ ತಗೊಳ್ಳೋದು?"

"ಆನ್‌ಲೈನಲ್ಲಿ ಐತೆ ಸರ್. ಹೆಸರು ಹಾಕಿ ನೋಡ್ರಿ."

"ಸರ್ವರ್ ಇಲ್ಲ."

"ಬರೋವರೆಗೂ ನಿಂತಿರ್ತೀನಿ."

"ನಿನ್ನ ಹಿಂದೆ ಜನ ಇದ್ದಾರೆ."

"ನಾನು ಮೊದಲನೆ ಹೆಸರು ಸರ್. ಹಿಂದೆ ಸರಿಯಲ್ಲ."

ಅವರು ತಲೆ ಎತ್ತಿ ನೋಡಿದರು. ನಾನು ಮೇಜಿನ ಅಂಚು ಹಿಡಿದು ನಿಂತೆ. ಇಪ್ಪತ್ತೆರಡು ನಿಮಿಷ. ನೆಲದ ತಂಪಿಗೆ ಬರಿಗಾಲು ಕೊರೆಯುತ್ತಿತ್ತು. ಬೂಟು ಬೇಲಿಯ ಬಾಯಲ್ಲೇ ಉಳಿದಿತ್ತು. ಕೊನೆಗೆ ಪರದೆಯ ಮೇಲೆ ನನ್ನ ಫೋಟೋ ಬಂತು, ಹೆಸರು ಬಂತು, ನಂಬರು ಪೂರ್ತಿ ಬಂತು. ಅವರು ಬರೆದುಕೊಂಡು ಮೊಹರು ಒತ್ತಿದರು. ಆಮೇಲೆ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

"ರಕ್ತ ಅಲ್ಲ ಇದು."

"ದೇವ್ರ ಕುಂಕುಮ ಸರ್."

ತಕ್ಷಣ ಅವರ ಮುಖ ಬದಲಾಯಿತು. ಬೆರಳ ತುದಿಯನ್ನು ಆ ಕಲೆಗೆ ಒತ್ತಿ ಕಣ್ಣಿಗೆ ಒತ್ತಿಕೊಂಡರು. "ಮೊದ್ಲೇ ಹೇಳೋದಲ್ವೇನಮ್ಮ? ನಾನು ರಕ್ತ ಅಂತ ಅಸಹ್ಯಪಟ್ಟೆ."

"ರಕ್ತ ಆಗಿದ್ರೆ ತೊಳೆದ್ರೆ ಹೋಗ್ತಿತ್ತು ಸರ್. ದಿನಾ ತೊಳೀತೀನಿ. ಇದು ಹೋಗ್ತಿಲ್ಲ."

ಅವರಿಗೆ ತಿಳಿಯಲಿಲ್ಲ. ಆರ್ಡರಿನ ಹಾಳೆ ನನ್ನ ಕಡೆ ತಳ್ಳಿದರು. ಹೊಸದುರ್ಗ, ಹೆರಿಗೆ ವಿಭಾಗ, ಶುಶ್ರೂಷಾಧಿಕಾರಿ, ಅಂದರೆ ಸ್ಟಾಫ್ ನರ್ಸ್. ಟ್ರೇನಿ ಅಂತ ಎಲ್ಲೂ ಇರಲಿಲ್ಲ. ಸಹಿ ಮಾಡಿದೆ. ಅದರ ಮೇಲೂ ಒಂದು ಕೆಂಪು ಬೆರಳು ಬಿತ್ತು.

ಹೊರಗೆ ಬೇವಿನ ಮರದ ಕೆಳಗೆ ಅಪ್ಪ ಮೊಬೈಲು ಕಿವಿಗೆ ಹಿಡಿದು ನಿಂತಿದ್ದ. ಅಂಗಿಯ ಹೆಗಲ ಮೇಲೆ ನನ್ನ ಕೈ ಇನ್ನೂ ಇತ್ತು. ಒರೆಸಿಕೊಂಡಿರಲಿಲ್ಲ.

"ಆಯ್ತೇನವ್ವ?"

"ಆಯ್ತು."

ಅವನು ಆರ್ಡರನ್ನು ತೆಗೆದುಕೊಂಡು ಓದಲಾಗದಿದ್ದರೂ ಕೊನೆಯ ಸಾಲಿನವರೆಗೆ ನೋಡಿದ. ಮಡಚಿ ನನ್ನ ಕೈಗೇ ಕೊಟ್ಟ. ಈ ಸಲ ಯಾವ ಪೆಟ್ಟಿಗೆಯ ಮಾತೂ ಆಡಲಿಲ್ಲ.

"ನಿಮ್ಮವ್ವ ಫೋನ್ ಮಾಡಿದ್ಲು. ಪೂಜಾರಿ ಗುಡಿಗೆ ಬೀಗ ಹಾಕವ್ನೆ. ಸಂಜೆ ಪಂಚಾಯ್ತಿ ಅಂತೆ, ನನ್ನ ಮ್ಯಾಲೆ."

"ಮೋನಿಕಾ?"

"ಒಳಗೇ ಅದಾಳೆ. ಹೊರಗೆ ಬಾ ಅಂತ ಎಲ್ರೂ ಬಾಗಿಲಾಗೆ ನಿಂತು ಕೂಗ್ತಾ ಅವ್ರಂತೆ. ಎಳ್ಕಂಡು ಬರಾಕೆ ಒಬ್ಬನೂ ಒಳಗೆ ಹೋಗಂಗಿಲ್ಲ, ಅವಳ್ನ ಮುಟ್ಟಬೇಕಲ್ಲ." ಅಪ್ಪನ ತುಟಿಯ ಕೊನೆಯಲ್ಲಿ ಅವತ್ತು ಮೊದಲ ಸಲ ನಗೆಯಂಥದ್ದು ಕಂಡಿತು. "ದೀಪಾ ಒಂದು ಚೊಂಬು ಬಿಸಿನೀರು ಕೊಟ್ಟು ಬಂದ್ಲಂತೆ. ಈಗ ಅವಳೂ ಅಲ್ಲೇ ಕುಂತವಳಂತೆ."

ಈಗ ಹಿರಿಯೂರಿಗೆ ಹೋಗಬಹುದಿತ್ತು. ಹೊಸದುರ್ಗಕ್ಕೆ ನೇರ ಬಸ್ಸಿತ್ತು. ಅಪ್ಪ ಅಂಗಿಯ ತೋಳಿನಿಂದ ಹಿಂದಿನ ಸೀಟು ಒರೆಸಿದ.

"ಕೂಸಿನ ತೂಕ ನೋಡ್ತೀನಿ ಅಂದಿದ್ದಲ್ಲ ಆ ಹುಡ್ಗಿಗೆ," ಅಂದ. "ಹತ್ತು. ಹಟ್ಟಿಗೆ ಹೋಗಾಣ."